ಮಿಸ್ಟರ್ ಮಾಮ್ ಮತ್ತು ನಮ್ಮನೆಯ ‘ಅಮ್ಮಾವ್ರ ಗಂಡ’

2009ರ ಮಾರ್ಚ್ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಹತ್ತೂವರೆಗೆ ಮ್ಯಾನೇಜರ್ ಕರೆದ. ಹನ್ನೊಂದಕ್ಕೆಲ್ಲ ನಾನು ಒಂದು ರಟ್ಟಿನ ಡಬ್ಬ ಹಿಡಿದುಕೊಂಡು ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದೆ. ಡಬ್ಬದೊಳಗೆ ಹನ್ನೊಂದು ವರ್ಷದ ಸಂಸಾರ: ಕಾಫಿ ಮಗ್ಗು, ಮಕ್ಕಳ ಫೋಟೋ, ಚಾಮುಂಡೇಶ್ವರಿಯ ಪುಟ್ಟ ಪಟ, ಜೊತೆಗೆ ಮನೆಯಾಕೆ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಚಿತ್ರಾನ್ನ. ಮಿಷಿಗನ್ನಿನ ಆ ಚಳಿಯಲ್ಲಿ ಕಾರಿನೊಳಗೆ ಕೂತು ಚಿತ್ರಾನ್ನ ತಿಂದು ಮುಗಿಸಿದೆ. ವಾಪಸ್ ಒಯ್ದರೆ ‘ಯಾಕ್ರೀ, ಊಟ ಮಾಡಲಿಲ್ವಾ?’ ಎಂದು ಕೇಳುತ್ತಾಳಲ್ಲ! ಕೆಲಸ ಹೋದ ವಿಷಯಕ್ಕಿಂತ ಆ ಪ್ರಶ್ನೆಗೆ ಉತ್ತರ ಹೇಳುವುದೇ ನನಗೆ ಕಷ್ಟವಾಗಿ ಕಂಡಿತ್ತು.

ಡೆಟ್ರಾಯಿಟ್ ಸುತ್ತಮುತ್ತ ಇದ್ದವರಿಗೆ ಆ ವರ್ಷದ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ದೊಡ್ಡ ಮರಗಳೇ ಅಲ್ಲಾಡುವಾಗ ಅವಕ್ಕೆ ಬಿಡಿಭಾಗ ಮಾಡಿಕೊಡುವ ನಮ್ಮಂಥ ಬಳ್ಳಿಗಳ ಗತಿ ಕೇಳಬೇಕೆ? ರಾಜ್ಯದ ನಿರುದ್ಯೋಗ ಶೇಕಡ 13 ದಾಟಿತ್ತು. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ‘ಕೆಲಸ ಹೇಗಿದೆ?’ ಎಂದು ಒಬ್ಬರನ್ನೊಬ್ಬರು ಕೇಳುವುದನ್ನೇ ಎಲ್ಲರೂ ಬಿಟ್ಟಿದ್ದರು. ಕೇಳದಿರುವುದೇ ಆಗ ಮರ್ಯಾದೆ.

ನಮ್ಮ ಅದೃಷ್ಟ, ಹೆಂಡತಿಗೆ ಒಂದು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಅರೆಹೊತ್ತಿನ ಕೆಲಸವಿತ್ತು. ವಾರದೊಳಗೆ ಅದನ್ನು ಪೂರ್ತಿ ಹೊತ್ತಿನದು ಮಾಡಿಸಿಕೊಂಡಳು. ಆರೋಗ್ಯ ವಿಮೆ ಅವಳ ಹೆಸರಿಗೆ ಬಂತು, ಅಡುಗೆಮನೆ ನನ್ನ ಹೆಸರಿಗೆ ಬಂತು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ನನ್ನ ವಯಸ್ಸು ನಲವತ್ತು. ಆದರೆ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಎಲ್ಲಿದೆ ಎಂಬುದು ಮಗನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಗ್ರಂಥಾಲಯದಲ್ಲಿ ಸಿಕ್ಕ ಸಿನಿಮಾ

ಅದೇ ವರ್ಷ ಆಗಸ್ಟ್ 6ರಂದು ಜಾನ್ ಹ್ಯೂಸ್ ತೀರಿಕೊಂಡರು. ‘ಹೋಮ್ ಅಲೋನ್’ ಚಿತ್ರಕಥೆ ಬರೆದವರು ಎಂದರೆ ನಮ್ಮ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಅವರು ಬರೆದ ಇನ್ನೊಂದು ಹಾಸ್ಯಚಿತ್ರದ ಹೆಸರಿತ್ತು: ‘ಮಿಸ್ಟರ್ ಮಾಮ್’, 1983. ಕಥೆ ಏನೆಂದು ಓದಿದೆ. ಡೆಟ್ರಾಯಿಟ್. ಕಾರ್ ಕಂಪನಿಯ ಎಂಜಿನಿಯರ್. ಕೆಲಸ ಹೋಗುತ್ತದೆ. ಹೆಂಡತಿ ಕೆಲಸಕ್ಕೆ ಹೊರಡುತ್ತಾಳೆ, ಗಂಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಎಲಾ ಇವನ! ಇಪ್ಪತ್ತಾರು ವರ್ಷ ಮುಂಚೆಯೇ ಇವರಿಗೆ ನನ್ನ ಜಾತಕ ಯಾರು ಕೊಟ್ಟರು ಎಂದುಕೊಂಡು ಮಗನ ಕೈ ಹಿಡಿದು ಊರಿನ ಗ್ರಂಥಾಲಯಕ್ಕೆ ಹೋಗಿ ಡಿವಿಡಿ ತಂದೆ.

ಚಿತ್ರದ ನಾಯಕ ಜ್ಯಾಕ್ ಬಟ್ಲರ್ ಪಾತ್ರದಲ್ಲಿ ಮೈಕೆಲ್ ಕೀಟನ್, ಹೆಂಡತಿ ಕೆರೊಲಿನ್ ಪಾತ್ರದಲ್ಲಿ ಟೆರಿ ಗಾರ್. ನಿರ್ದೇಶಕ ಸ್ಟ್ಯಾನ್ ಡ್ರಾಗೋಟಿ. ಈ ಕಥೆ ಹುಟ್ಟಿದ್ದೂ ಸ್ವಾರಸ್ಯವಾಗಿದೆ. ಹೆಂಡತಿ ಊರಲ್ಲಿಲ್ಲದಾಗ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ನೋಡಿಕೊಂಡು ಪಟ್ಟ ಪಾಡನ್ನು ಹ್ಯೂಸ್ ಅವರು ನಿರ್ಮಾಪಕಿ ಲಾರೆನ್ ಶೂಲರ್ ಅವರಿಗೆ ಹೇಳಿದರಂತೆ. ಆಕೆ ನಕ್ಕು ನಕ್ಕು ಸುಸ್ತಾಗಿ, ‘ಇದನ್ನೇ ಬರೆಯಿರಿ’ ಎಂದರಂತೆ. ಅಂದರೆ ಮೂಲ ಒಬ್ಬ ಅಪ್ಪನ ಫಜೀತಿಯೇ.

ಬಂದ ಕಾಲವೂ ಹಾಗಿತ್ತು. 1982ರ ಕೊನೆಯಲ್ಲಿ ಅಮೆರಿಕದ ನಿರುದ್ಯೋಗ ಶೇಕಡ 10.8ಕ್ಕೆ ಏರಿತ್ತು, ಮಿಷಿಗನ್ನಿನಲ್ಲಿ 16 ದಾಟಿತ್ತು. ಮಾರನೇ ವರ್ಷ ಬಂದ ಈ ಸಾಧಾರಣ ಖರ್ಚಿನ ಚಿತ್ರ 6 ಕೋಟಿ ಡಾಲರಿಗೂ ಮೀರಿ ಗಳಿಸಿ, ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಹಣ ಮಾಡಿದ ಹತ್ತು ಚಿತ್ರಗಳಲ್ಲಿ ಒಂದಾಯಿತು. ಕೆಲಸ ಕಳೆದುಕೊಂಡವರು, ಕಳೆದುಕೊಳ್ಳುವ ಭಯದಲ್ಲಿದ್ದವರು ಟಿಕೆಟ್ ಕೊಂಡು ಹೋಗಿ ನಕ್ಕು ಬಂದರು. ಮನೆಯಲ್ಲಿ ಕೂತು ನಗಲು ಅವರಿಗೆ ಧೈರ್ಯವಿರಲಿಲ್ಲವೋ ಏನೋ.

ಅಪ್ಪಾ, ಅಮ್ಮ ಈ ಕಡೆಯಿಂದ ಬರಲ್ಲ

ಜ್ಯಾಕ್ ಮೊದಲ ದಿನ ಮಕ್ಕಳನ್ನು ಶಾಲೆಗೆ ಬಿಡಲು ಹೋಗುವ ದೃಶ್ಯ ಬಹಳ ಪ್ರಸಿದ್ಧ. ಎಲ್ಲರೂ ಒಂದು ಕಡೆಯಿಂದ ಬರುತ್ತಿದ್ದರೆ ಈತ ಎದುರು ದಿಕ್ಕಿನಿಂದ ನುಗ್ಗುತ್ತಾನೆ. ತಪ್ಪು ಮಾಡುತ್ತಿದ್ದೀಯ ಎಂದು ಮಕ್ಕಳು ಹೇಳುತ್ತಾರೆ, ಕೇಳುವುದಿಲ್ಲ. ಕೊನೆಗೆ ದಾರಿ ನೋಡಿಕೊಳ್ಳುವ ಹೆಂಗಸು ಕಾರಿನ ಹತ್ತಿರ ಬಂದು ತನ್ನ ಪರಿಚಯ ಹೇಳಿಕೊಂಡು, ಬಹಳ ನಯವಾಗಿ ಅದೇ ಮಾತು ಹೇಳುತ್ತಾಳೆ.

ನಾನು ಆ ದೃಶ್ಯ ನೋಡಿ ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಬಿದ್ದು ಬಿದ್ದು ನಕ್ಕಳು. ಏಕೆಂದರೆ ಏಪ್ರಿಲ್ ತಿಂಗಳಲ್ಲಿ ನಾನೂ ಹಾಗೆಯೇ ನುಗ್ಗಿದ್ದೆ. ‘ಅಪ್ಪಾ, ಅಮ್ಮ ಈ ಕಡೆಯಿಂದ ಬರಲ್ಲ’ ಎಂದು ಅವಳು ಎರಡು ಸಲ ಹೇಳಿದ್ದಳು. ‘ಅಮ್ಮನಿಗೆ ಡ್ರೈವಿಂಗ್ ಕಲಿಸಿದ್ದೇ ನಾನು’ ಎಂದು ಗದರಿದ್ದೆ. ಆಮೇಲೆ ನಲವತ್ತು ಕಾರುಗಳು ನನ್ನ ಮುಖ ನೋಡುತ್ತಾ ನಿಂತವು. ಎಲ್ಲ ಅಮ್ಮಂದಿರೂ ಒಬ್ಬರನ್ನೊಬ್ಬರು ನೋಡಿಕೊಂಡು ನಸುನಕ್ಕಿದ್ದು ಮಾತ್ರ ಕನ್ನಡಿಯಲ್ಲಿ ಸ್ಪಷ್ಟವಾಗಿ ಕಂಡಿತು.

ಚಿತ್ರದಲ್ಲಿ ಇನ್ನೂ ಇವೆ. ಬಟ್ಟೆ ತೊಳೆಯುವ ಯಂತ್ರ ಹುಚ್ಚು ಹಿಡಿದಂತೆ ಕುಣಿಯುತ್ತದೆ. ‘ಜಾಸ್’ ಎಂಬ ಅಡ್ಡಹೆಸರಿನ ವ್ಯಾಕ್ಯೂಮ್ ಕ್ಲೀನರ್ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ನಡುವಿನ ಹುಡುಗ ಕೆನ್ನಿ ತನ್ನ ಹಳೇ ಕಂಬಳಿಯ ತುಂಡನ್ನು ಬಿಟ್ಟಿರಲಾರ. ಅದನ್ನು ಬಿಡಿಸಲು ಅಪ್ಪ ಅವನೆದುರು ಕೂತು, ದೊಡ್ಡವರೊಡನೆ ಮಾತಾಡುವಷ್ಟೇ ಗಂಭೀರವಾಗಿ ಮಾತಾಡುತ್ತಾನೆ. ಮೊದಲ ರೀಲಿನ ಜ್ಯಾಕ್‌ಗೆ ಅಷ್ಟು ಹೊತ್ತು ಕೂರುವ ವ್ಯವಧಾನವಿರಲಿಲ್ಲ. ಇಡೀ ಚಿತ್ರದಲ್ಲಿ ಅವನು ಅಪ್ಪನಾಗಿ ಬೆಳೆದದ್ದು ನನಗೆ ಕಂಡಿದ್ದು ಆ ಒಂದು ದೃಶ್ಯದಲ್ಲಿ.

ಎಂಜಿನಿಯರುಗಳಿಗೆಂದೇ ಇಟ್ಟಂತಿರುವ ಒಂದು ಜೋಕೂ ಇದೆ. ಹೆಂಡತಿಯ ಬಾಸ್ ಮನೆಗೆ ಬರುತ್ತಾನೆ. ಮನೆಯಲ್ಲಿ ಕೂತಿರುವ ಗಂಡಸು ಎಂಬ ಅವಮಾನ ಮುಚ್ಚಿಕೊಳ್ಳಲು ಜ್ಯಾಕ್ ಕೈಯಲ್ಲಿ ಮರ ಕತ್ತರಿಸುವ ಗರಗಸ ಹಿಡಿದು, ತಾನು ಮನೆಯನ್ನು ದೊಡ್ಡದು ಮಾಡುತ್ತಿದ್ದೇನೆ ಎಂದು ಬಡಾಯಿ ಕೊಚ್ಚುತ್ತಾನೆ. ವೈರಿಂಗ್ ಎಲ್ಲ 220 ವೋಲ್ಟೇ ಎಂದು ಬಾಸ್ ಕೇಳಿದರೆ, 220ಓ 221ಓ, ಎಷ್ಟು ಬೇಕೋ ಅಷ್ಟು ಎನ್ನುತ್ತಾನೆ! ಇಲ್ಲಿನ ಮನೆಗಳಲ್ಲಿ ಸಾಮಾನ್ಯ ಪ್ಲಗ್ಗಿಗೆ 120 ವೋಲ್ಟ್, ಒಲೆ ಮತ್ತು ಬಟ್ಟೆ ಒಣಗಿಸುವ ಯಂತ್ರಕ್ಕೆ ಅದರ ಎರಡರಷ್ಟು. ವೋಲ್ಟನ್ನು ಸಕ್ಕರೆಯಂತೆ ಒಂದು ಚಮಚ ಹೆಚ್ಚು ಹಾಕಲು ಬರುವುದಿಲ್ಲ. ಜ್ಯಾಕ್ ಸ್ವತಃ ಎಂಜಿನಿಯರ್, ಅವನಿಗಿದು ಗೊತ್ತಿರಲೇಬೇಕು. ಆದರೂ ನಾಲಿಗೆ ಹಾಗೆ ಹೊರಳುತ್ತದೆ. ಕೆಲಸ ಹೋದವನ ಬಾಯಲ್ಲಿ ಕಲಿತ ವಿದ್ಯೆಯೂ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆ ವರ್ಷ ಯಾರಾದರೂ ‘ಏನು ಮಾಡ್ತಿದೀರಿ?’ ಎಂದರೆ ನಾನೂ ‘ಕನ್ಸಲ್ಟಿಂಗ್’ ಎನ್ನುತ್ತಿದ್ದೆ. ಯಾರಿಗೆ ಎಂದು ಯಾರೂ ಕೇಳಲಿಲ್ಲ, ಪುಣ್ಯಕ್ಕೆ.

ಏಳು ವರ್ಷದ ಲೆಕ್ಕ

ಚಿತ್ರದ ನಡುವೆ ಜ್ಯಾಕ್ ಕುಸಿಯುತ್ತಾನೆ. ಗಡ್ಡ ಬಿಡುತ್ತಾನೆ, ಅದೇ ಅಂಗಿ ದಿನವೂ ತೊಡುತ್ತಾನೆ, ಮಧ್ಯಾಹ್ನದ ಧಾರಾವಾಹಿಗೆ ಕಾದು ಕೂರುತ್ತಾನೆ, ನೆರೆಮನೆಯ ಹೆಂಗಸರ ಜೊತೆ ಅಂಗಡಿಯ ರಿಯಾಯಿತಿ ಕೂಪನ್ನುಗಳನ್ನೇ ಪಣವಿಟ್ಟು ಇಸ್ಪೀಟ್ ಆಡುತ್ತಾನೆ. ಒಂದು ರಾತ್ರಿ ಹೆಂಡತಿಯ ಮುಂದೆ ಸಿಡಿಯುತ್ತಾನೆ. ನನ್ನ ತಲೆ ಗಂಜಿಯಾಗಿದೆ, ಮಗ ಗೆರೆ ದಾಟಿ ಬಣ್ಣ ಹಚ್ಚಿದ ಎಂದು ಅವನ ಮೇಲೆ ಕೂಗಾಡಿದೆ ಎಂದು ಗೋಳಾಡುತ್ತಾನೆ. ಆಗ ಕೆರೊಲಿನ್, ಇದೇ ಕೆಲಸವನ್ನು ತಾನು ವರ್ಷಗಟ್ಟಲೆ ಮಾಡಿ ಬಂದವಳೆಂಬುದನ್ನು ನೆನಪಿಸುತ್ತಾಳೆ.

ಆ ಹೊತ್ತಿಗೆ ನಮ್ಮ ಸೋಫಾದ ಮೇಲೆ ಯಾರೂ ನಗುತ್ತಿರಲಿಲ್ಲ. ಮಕ್ಕಳು ನಿದ್ದೆ ಹೋಗಿದ್ದರು. ನನ್ನಾಕೆ ಬಟ್ಟೆ ಮಡಿಸುತ್ತಿದ್ದವಳು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

ಈಗ ನಮ್ಮ ಕಥೆಯ ಹಿಂದಿನ ಕಂತು ಹೇಳಬೇಕು. ಅವಳು ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. 1998ರಲ್ಲಿ ಮದುವೆಯಾಗಿ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದಳು. ಆ ವೀಸಾದವರು ಆಗ ಇಲ್ಲಿ ಒಂದು ಡಾಲರೂ ದುಡಿಯುವಂತಿರಲಿಲ್ಲ. ಗ್ರೀನ್ ಕಾರ್ಡಿಗಾಗಿ ಬಹಳ ಮುಂದೆ ಬಂದು ಕಾಯುತ್ತಿರುವ ಎಚ್-1 ನೌಕರರ ಹೆಂಡತಿ ಅಥವಾ ಗಂಡನಿಗೆ ಕೆಲಸದ ಅನುಮತಿ ಪಡೆಯುವ ದಾರಿ ತೆರೆದದ್ದು 2015ರ ಮೇ ತಿಂಗಳಲ್ಲಿ. ನಮಗೆ ಗ್ರೀನ್ ಕಾರ್ಡ್ ಬಂದದ್ದು 2005ರಲ್ಲಿ. ನಡುವೆ ಏಳು ವರ್ಷ. ಈ ಸ್ಮರಣ ಸಂಚಿಕೆ ಓದುತ್ತಿರುವ ಎಷ್ಟೋ ಅಕ್ಕತಂಗಿಯರಿಗೆ ಆ ಏಳು ವರ್ಷದ ಉದ್ದ ನಾನು ಹೇಳಬೇಕಾಗಿಲ್ಲ.

ಆ ದಿನಗಳಲ್ಲಿ ಸಂಜೆ ಬಂದು ‘ದಿನವೆಲ್ಲಾ ಏನು ಮಾಡಿದೆ?’ ಎಂದು ಕೇಳುತ್ತಿದ್ದೆ. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಉತ್ತರ ಬರುವಷ್ಟರಲ್ಲಿ ಟೀವಿ ಹಾಕಿರುತ್ತಿದ್ದೆ. 2009ರಲ್ಲಿ ಮಗನನ್ನು ಗ್ರಂಥಾಲಯದ ಕಥೆ ಹೇಳುವ ತರಗತಿಗೆ ಕರೆದುಕೊಂಡು ಹೋದಾಗ ಅಲ್ಲಿನ ಗ್ರಂಥಪಾಲಕಿ ಅವನ ಮುಖ ನೋಡಿ ಅಕ್ಕನ ಹೆಸರು ಹೇಳಿದರು, ಅಮ್ಮ ಹೇಗಿದ್ದಾರೆ ಎಂದರು. ನನ್ನಾಕೆ ಮಗಳನ್ನು ಎತ್ತಿಕೊಂಡು ಪ್ರತಿ ಮಂಗಳವಾರ, ಹಿಮ ಬಿದ್ದ ದಿನವೂ ನಡೆದುಕೊಂಡೇ ಬರುತ್ತಿದ್ದಳಂತೆ. ನಮಗೆ ಆಗ ಒಂದೇ ಕಾರು. ಅದು ನನ್ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಇಡೀ ದಿನ ನಿಂತಿರುತ್ತಿತ್ತು. ನನ್ನ ಹೆಂಡತಿಯ ಏಳು ವರ್ಷದ ಪರಿಚಯ ಆ ಗ್ರಂಥಪಾಲಕಿಗೆ ನನಗಿಂತ ಚೆನ್ನಾಗಿತ್ತು.

ಇನ್ನೊಂದು ಸಂಗತಿಯೂ ಆಗಲೇ ಗೊತ್ತಾಗಿದ್ದು. ಒಂದು ಸಂಬಳದಲ್ಲಿ ಬದುಕಿದ ಆ ಏಳು ವರ್ಷವೂ ಅವಳು ಹಾಲು, ಬೇಳೆ, ಗ್ಯಾಸು, ಮಗುವಿನ ಡೈಪರು ಎಂದು ತಿಂಗಳುವಾರು ಲೆಕ್ಕ ಬರೆದಿಟ್ಟಿದ್ದಳು. ಕಲಿತ ಸಂಖ್ಯಾಶಾಸ್ತ್ರಕ್ಕೆ ಅಷ್ಟೇ ಜಾಗ ಸಿಕ್ಕಿತ್ತು. ನನ್ನ ಕೆಲಸ ಹೋದ ರಾತ್ರಿ ಆ ನೋಟ್‌ಬುಕ್ಕುಗಳನ್ನು ಊಟದ ಮೇಜಿನ ಮೇಲೆ ಹರಡಿ, ‘ನೋಡ್ರೀ, ಇಷ್ಟರಲ್ಲಿ ಬದುಕಿದ್ವಿ, ಇನ್ನೊಂದ್ಸಲ ಬದುಕಬಹುದು. ಕೇಬಲ್ ಟೀವಿ ಹೋಗಲಿ, ಮನೆ ಸಾಲದ ಕಂತು ತಪ್ಪೋದು ಬೇಡ’ ಎಂದಳು. ಹದಿನಾಲ್ಕು ತಿಂಗಳು ನಾವು ಕಂತು ತಪ್ಪಲಿಲ್ಲ.

ಚಿತ್ರದಲ್ಲೂ ಇದಕ್ಕೆ ಹತ್ತಿರದ್ದೊಂದು ಇದೆ. ಕೆರೊಲಿನ್ ಸೇರಿದ ಜಾಹೀರಾತು ಕಂಪನಿಗೆ ‘ಸ್ಕೂನರ್’ ಎಂಬ ಟ್ಯೂನಾ ಮೀನಿನ ಡಬ್ಬಿಯ ಗಿರಾಕಿ ಕೈಬಿಟ್ಟು ಹೋಗುವ ಸ್ಥಿತಿ. ಸೂಟು ತೊಟ್ಟ ಗಂಡಸರು ಏನೇನೋ ಥಳಕಿನ ಯೋಜನೆ ಹೇಳುತ್ತಾರೆ. ಅಂಗಡಿಯಲ್ಲಿ ಬೆಲೆ ಚೀಟಿ ನೋಡಿ ನೋಡಿ ಸಾಮಾನು ಕೊಂಡು ಗೊತ್ತಿದ್ದ ಕೆರೊಲಿನ್ ಮಾತ್ರ, ಜನ ಕಷ್ಟದಲ್ಲಿದ್ದಾರೆ, ಡಬ್ಬಿಗೆ 50 ಸೆಂಟ್ ಇಳಿಸಿ, ಇಳಿಸಿದ್ದೇವೆಂದು ನೇರವಾಗಿ ಹೇಳಿ ಎನ್ನುತ್ತಾಳೆ. ಮನೆ ನಡೆಸಿದ ಅನುಭವ ಅಲ್ಲಿ ಮೊದಲ ಬಾರಿ ‘ಅನುಭವ’ ಎನಿಸಿಕೊಳ್ಳುತ್ತದೆ. ಹ್ಯೂಸ್ ಅವರೂ ಡ್ರಾಗೋಟಿ ಅವರೂ ಸಿನಿಮಾಕ್ಕೆ ಮುಂಚೆ ಜಾಹೀರಾತು ಕಂಪನಿಗಳಲ್ಲಿ ಕೆಲಸ ಮಾಡಿದವರಾದ್ದರಿಂದ ಆ ಆಫೀಸಿನ ದೃಶ್ಯಗಳಿಗೆ ಒಂದು ಕಳೆ ಬಂದಿದೆ.

ನಗೆಯ ಹಿಂದೆ ಬಿಟ್ಟುಹೋದದ್ದು

ಚಿತ್ರ ದೋಷವಿಲ್ಲದ್ದೇನಲ್ಲ. ಬಾಸ್ ಕೆರೊಲಿನ್ ಹಿಂದೆ ಬೀಳುವುದನ್ನು ತಮಾಷೆಯಂತೆ ತೋರಿಸಿದ್ದಾರೆ. ಇಂದು ಅದು ತಮಾಷೆಯಲ್ಲ, ದೂರು ಕೊಡಬೇಕಾದ ವಿಷಯ. ಮನೆಗೆಲಸ ಮಾಡುವ ಗಂಡಸು ನಗೆಪಾಟಲಿನ ವಸ್ತು ಎಂಬ ನಂಬಿಕೆಯ ಮೇಲೆಯೇ ಅರ್ಧ ಹಾಸ್ಯ ನಿಂತಿದೆ. ಅದಕ್ಕೇ ಆಮೇಲೆ ‘ಮಿಸ್ಟರ್ ಮಾಮ್’ ಎನ್ನುವುದು ಅಮೆರಿಕದ ಆಡುಮಾತಾದರೂ, ಮನೆಯಲ್ಲಿರುವ ಎಷ್ಟೋ ಅಪ್ಪಂದಿರಿಗೆ ಆ ಮಾತು ಕೇಳಿದರೆ ಮುಳ್ಳು ಚುಚ್ಚಿದಂತಾಗುತ್ತದೆ. ತಾನು ಅಪ್ಪನ ಕೆಲಸವನ್ನೇ ಮಾಡುತ್ತಿರುವಾಗ ‘ಅಮ್ಮ’ ಎಂದು ಏಕೆ ಕರೆಯಬೇಕು ಎಂದು ಅವರ ಪ್ರಶ್ನೆ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ, ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವ ಅಮೆರಿಕದ ತಂದೆತಾಯಿಯರಲ್ಲಿ 1989ರಲ್ಲಿ ಶೇಕಡ 11ರಷ್ಟು ತಂದೆಯರಿದ್ದರು, 2021ರಲ್ಲಿ ಶೇಕಡ 18. ಹತ್ತರಲ್ಲಿ ಒಬ್ಬನಿದ್ದದ್ದು ಐದರಲ್ಲಿ ಒಬ್ಬನ ಹತ್ತಿರಕ್ಕೆ ಬಂದಿದೆ.

ಕೊನೆಯೂ ಸಲೀಸಾಗಿದೆ. ಇಬ್ಬರ ಬಾಸ್‌ಗಳೂ ಮನೆ ಬಾಗಿಲಿಗೇ ಬಂದು ಕರೆಯುತ್ತಾರೆ, ಎಲ್ಲ ಸುಖಾಂತ್ಯ. ನಿಜಜೀವನದಲ್ಲಿ ಬಾಸ್ ಮನೆಗೆ ಬಂದು ಕರೆದ ಉದಾಹರಣೆ ನಮ್ಮ ಕೂಟದಲ್ಲಂತೂ ಇಲ್ಲ. ಕೆಲಸ ಮತ್ತು ಮನೆ ಎರಡನ್ನೂ ಸರಿದೂಗಿಸುವುದು ಗಂಡ ಹೆಂಡಿರ ಜಾಣತನಕ್ಕೆ ಮಾತ್ರ ಬಿಟ್ಟ ವಿಷಯವೂ ಅಲ್ಲ. 1980ರ ‘ನೈನ್ ಟು ಫೈವ್’ ಎಂಬ ಹಾಸ್ಯಚಿತ್ರ ಈ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳಿತ್ತು. ಅದರಲ್ಲಿ ಮೂವರು ಹೆಂಗಸರು ಸೇರಿ ಆಫೀಸಿನಲ್ಲೇ ಶಿಶುವಿಹಾರ ತೆರೆದು, ಅನುಕೂಲದ ಸಮಯಕ್ಕೆ ಬರುವ ಪದ್ಧತಿ ತರುತ್ತಾರೆ. ಅಮೆರಿಕದಲ್ಲಿ ಹೆರಿಗೆಗೋ ಮನೆಯವರ ಕಾಯಿಲೆಗೋ 12 ವಾರ ರಜೆ ಕೊಡಬೇಕೆಂಬ ಕೇಂದ್ರ ಕಾನೂನು ಬಂದದ್ದೇ 1993ರಲ್ಲಿ. ಅದೂ ಸಂಬಳವಿಲ್ಲದ ರಜೆ, ಅದೂ 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ. ಭಾರತದಲ್ಲಿ ಹೆರಿಗೆ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿದರು, ಅದು ಸಂಬಳ ಸಹಿತ. ಈ ಒಂದು ವಿಷಯದಲ್ಲಿ ಊರಿನವರೇ ನಮಗಿಂತ ಮುಂದು.

ಅಮ್ಮಾವ್ರ ಗಂಡ ಬಯಲಾದದ್ದು

ನಮ್ಮಲ್ಲಿ ಇಂಥವನಿಗೆ ‘ಮಿಸ್ಟರ್ ಮಾಮ್’ ಬರುವ ಬಹಳ ಮುಂಚೆಯೇ ಒಂದು ಹೆಸರಿದೆ: ಅಮ್ಮಾವ್ರ ಗಂಡ. ಕೈಲಾಸಂ ಆ ಹೆಸರಿನ ನಾಟಕವನ್ನೇ ಬರೆದರು. 1997ರಲ್ಲಿ ಶಿವರಾಜ್‌ಕುಮಾರ್ ಅವರ ಸಿನಿಮಾವೂ ಅದೇ ಹೆಸರಿನಲ್ಲಿ ಬಂತು. ಆ ಎರಡು ಪದಕ್ಕೆ ಹೆದರಿಯೇ ನಾನು ಮೈಸೂರಿನಲ್ಲಿದ್ದ ಅಪ್ಪನಿಗೆ ಆರು ತಿಂಗಳು ವಿಷಯ ಹೇಳಿರಲಿಲ್ಲ. ಪ್ರತಿ ಶನಿವಾರ ಫೋನಿನಲ್ಲಿ ‘ಆಫೀಸು ಹೇಗಿದೆಯಪ್ಪ?’ ಎಂದರೆ ‘ಚೆನ್ನಾಗಿದೆ’ ಎನ್ನುತ್ತಿದ್ದೆ. ಆಫೀಸು ಚೆನ್ನಾಗಿಯೇ ಇತ್ತಲ್ಲ, ನಾನು ಮಾತ್ರ ಅದರಲ್ಲಿರಲಿಲ್ಲ!

ಸೆಪ್ಟೆಂಬರಿನ ಒಂದು ಶನಿವಾರ ಫೋನ್ ಮಗನ ಕೈಗೆ ಸಿಕ್ಕಿತು. ‘ಅಪ್ಪ ಏನ್ಮಾಡ್ತಿದಾರೆ ಪುಟ್ಟಾ?’ ‘ಚಪಾತಿ ಮಾಡ್ತಿದಾರೆ ತಾತಾ. ಅಪ್ಪ ದಿನಾ ಮನೇಲೇ ಇರ್ತಾರೆ. ಅಮ್ಮ ಆಫೀಸಿಗೆ ಹೋಗ್ತಾರೆ.’ ಸ್ಪೀಕರ್ ಹಾಕಿತ್ತು. ನಾನು ಲಟ್ಟಣಿಗೆ ಹಿಡಿದು ನಿಂತಲ್ಲೇ ನಿಂತೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ನಿಧಾನವಾಗಿ, ‘ಕಾವಲಿ ಚೆನ್ನಾಗಿ ಕಾದ ಮೇಲೆ ಹಾಕಬೇಕಂತೆ ಅಂತ ನಿಮ್ಮಪ್ಪನಿಗೆ ಹೇಳು’ ಎಂದರು. ಅಷ್ಟೇ. ಅವರೂ ಒಂದು ಕಾಲದಲ್ಲಿ ಅಮ್ಮ ಬಾಣಂತನಕ್ಕೆ ಹೋದಾಗ ಒಬ್ಬರೇ ಅಡುಗೆ ಮಾಡಿಕೊಂಡಿದ್ದರೆಂದು ಆಮೇಲೆ ಅಮ್ಮ ಹೇಳಿದಳು. ಅದನ್ನು ಅವರೂ ಯಾರಿಗೂ ಹೇಳಿರಲಿಲ್ಲ!

ಅದೇ ತಿಂಗಳು ಕೂಟದ ಗಣೇಶನ ಹಬ್ಬಕ್ಕೆ ನಮ್ಮನೆಯಿಂದ ಬಿಸಿಬೇಳೆಬಾತ್. ಪುಡಿ ಹುರಿದದ್ದರಿಂದ ಹಿಡಿದು ಗೋಡಂಬಿ ಒಗ್ಗರಣೆವರೆಗೆ ನಾನೇ ಮಾಡಿದ್ದೆ. ಸಾಲಿನಲ್ಲಿ ನಿಂತವರೆಲ್ಲ ನನ್ನಾಕೆಯನ್ನು ಹೊಗಳಿದ್ದೇ ಹೊಗಳಿದ್ದು. ‘ಮೊಗ್ಗು ಎಷ್ಟು ಹಾಕಿದ್ರಿ?’ ಎಂದು ಹಿರಿಯರೊಬ್ಬರು ಕೇಳಿದರು. ‘ನನಗೆ ಗೊತ್ತಿಲ್ಲ ಆಂಟಿ, ಅವರೇ ಮಾಡಿದ್ದು’ ಎಂದಳು ಇವಳು. ಎಲ್ಲರೂ ಒಳ್ಳೇ ಜೋಕು ಎಂದು ನಕ್ಕರು. ನಾನೂ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏನನ್ನಿಸಿತೋ, ‘ನಾಲ್ಕು ಮರಾಠಿ ಮೊಗ್ಗು ಆಂಟಿ, ಎರಡು ಇಂಚು ಚಕ್ಕೆ. ಮಾರ್ಚಿಂದ ಕೆಲಸ ಇಲ್ಲ, ಮನೇಲಿ ಅಡುಗೆ ನಂದೇ’ ಎಂದೆ. ನಗು ನಿಂತಿತು. ಊಟದ ಸಾಲಿನ ಹಿಂದಿನಿಂದ ಒಬ್ಬರು ಬಂದು ಕಿವಿಯಲ್ಲಿ, ‘ನಂದು ಜೂನಿಂದ’ ಎಂದರು. ತಟ್ಟೆ ಇಡುವ ಹೊತ್ತಿಗೆ ಇನ್ನೊಬ್ಬರು. ಅಂದು ಸಂಜೆ ನಾವು ಮೂವರು ಪಾರ್ಕಿಂಗ್ ಲಾಟಿನಲ್ಲಿ ಒಂದು ಗಂಟೆ ಮಾತಾಡಿದೆವು. ಮುಂದೆ ನನಗೆ ಕೆಲಸ ಸಿಕ್ಕಿದ್ದು ಆ ಮೂವರಲ್ಲಿ ಒಬ್ಬರು ಹೇಳಿದ ಜಾಗದಲ್ಲೇ, 2010ರ ಮೇ ತಿಂಗಳಲ್ಲಿ.

ಕೆಲಸಕ್ಕೆ ಹೋದ ಮೇಲೆ ಹಳೆಯ ಏರ್ಪಾಡಿಗೆ ವಾಪಸ್ ಹೋಗಲಿಲ್ಲ. ಅವಳು ಪೂರ್ತಿ ಹೊತ್ತಿನ ಕೆಲಸ ಬಿಡಲಿಲ್ಲ, ನಾನು ಬೆಳಗಿನ ಅಡುಗೆ ಬಿಡಲಿಲ್ಲ. ಜಗಳ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾತ್ರೆ ಜೋಡಿಸುವ ಕ್ರಮದ ಬಗ್ಗೆ ನಮ್ಮ ವಾದ ಇಂದಿಗೂ ತೀರ್ಮಾನವಾಗಿಲ್ಲ. ಆದರೆ ‘ದಿನವೆಲ್ಲಾ ಏನು ಮಾಡಿದೆ?’ ಎಂಬ ಪ್ರಶ್ನೆಯನ್ನು ಈಗ ಇಬ್ಬರೂ ಕೇಳುತ್ತೇವೆ, ಉತ್ತರ ಬರುವವರೆಗೆ ಕಾಯುತ್ತೇವೆ.

ಕೆರೊಲಿನ್ ಪಾತ್ರದ ಟೆರಿ ಗಾರ್ 2024ರ ಅಕ್ಟೋಬರಿನಲ್ಲಿ ತೀರಿಕೊಂಡ ಸುದ್ದಿ ಬಂದ ರಾತ್ರಿ ಚಿತ್ರವನ್ನು ಮತ್ತೆ ಹಾಕಿಕೊಂಡು ನೋಡಿದೆವು. ಶಾಲೆಯ ದೃಶ್ಯ ಬಂದಾಗ ಈ ಸಲ ನಾನೂ ನಕ್ಕೆ. ನೀವೂ ಈ ಹಬ್ಬದ ರಜೆಯಲ್ಲಿ ಒಮ್ಮೆ ನೋಡಿ. ಚಿಕ್ಕ ಮಕ್ಕಳಿದ್ದರೆ ಒಂದೆರಡು ಕಡೆ ರಿಮೋಟ್ ಕೈಯಲ್ಲಿರಲಿ. ಮುಗಿದ ಮೇಲೆ ಮನೆಯಲ್ಲಿ ಸಾಸಿವೆ ಡಬ್ಬ ಎಲ್ಲಿದೆ ಎಂದು ಯಜಮಾನರನ್ನು ಒಮ್ಮೆ ಕೇಳಿ ನೋಡಿ.

ಅಂದಹಾಗೆ, ಈ ಸಲದ ಹಬ್ಬದ ಪಾಟ್‌ಲಕ್ ಪಟ್ಟಿಯಲ್ಲೂ ಬಿಸಿಬೇಳೆಬಾತ್ ಎದುರು ನನ್ನ ಹೆಸರೇ ಇದೆ. ಊಟಕ್ಕೆ ತಪ್ಪದೆ ಬನ್ನಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.